ಕಾಯುವುದು ಎಂಬ ಕ್ರಿಯಾಪದ

(ಕ್ಯಾನ್ಸರ್ ರೋಗಿಗಳ ಮನೆಯವರಿಗಾಗಿ ಮಡಿಕೇರಿಯಲ್ಲಿ ಏರ್ಪಡಿಸಿದ್ದ ಸಭೆಯಲ್ಲಿ ನಿವೃತ್ತ ಕನ್ನಡ ಅಧ್ಯಾಪಕರೊಬ್ಬರು ಆಡಿದ ಮಾತುಗಳ ಬರಹ ರೂಪ)

ನಾನು ವೈದ್ಯನಲ್ಲ. ಸೋಮವಾರಪೇಟೆ ಕಡೆಯ ಪ್ರೌಢಶಾಲೆಗಳಲ್ಲಿ ಮೂವತ್ತೊಂದು ವರ್ಷ ಕನ್ನಡ ಪಾಠ ಹೇಳಿ, ನಿವೃತ್ತಿಯ ನಂತರ ಅಪ್ಪನಿಂದ ಬಂದ ನಾಲ್ಕು ಎಕರೆ ಕಾಫಿ ತೋಟ ನೋಡಿಕೊಂಡಿರುವವನು. ಇಲ್ಲಿ ನಿಂತು ಮಾತನಾಡಲು ನನಗಿರುವ ಅರ್ಹತೆ ಒಂದೇ: 2018ರಲ್ಲಿ ನನ್ನ ಹೆಂಡತಿಗೆ ಸ್ತನದ ಕ್ಯಾನ್ಸರ್ ಆಯಿತು, ಅವಳ ಶಸ್ತ್ರಚಿಕಿತ್ಸೆಯ ದಿನಾಂಕ ಎರಡು ಬಾರಿ ತಪ್ಪಿತು, ಮೂರನೆಯ ದಿನಾಂಕ ಸಿಗುವವರೆಗೆ ನಾನು ಮಾಡಿದ ತಪ್ಪುಗಳೆಲ್ಲ ನನಗೆ ಚೆನ್ನಾಗಿ ನೆನಪಿವೆ. ಸ್ತನ ಎಂಬ ಪದ ಬಂದ ಕೂಡಲೇ ಮುಂದಿನ ಸಾಲಿನ ಕೆಲವು ಗಂಡಸರು ತಲೆ ತಗ್ಗಿಸಿದ್ದು ನನಗೆ ಕಂಡಿತು. ಅವರನ್ನು ಆಕ್ಷೇಪಿಸುವ ಹಕ್ಕು ನನಗಿಲ್ಲ. ಮೊದಲ ಸಲ ಆಸ್ಪತ್ರೆಗೆ ಹೋದಾಗ ಕೌಂಟರಿನಲ್ಲಿ ‘ಎದೆಯ ತೊಂದರೆ’ ಎಂದು ಹೇಳಿ, ಹೃದ್ರೋಗ ವಿಭಾಗದ ಮುಂದೆ ಹೆಂಡತಿಯನ್ನು ಮುಕ್ಕಾಲು ಗಂಟೆ ಕೂರಿಸಿದವನು ನಾನು.

ಕನ್ನಡ ಮೇಷ್ಟ್ರಾದ್ದರಿಂದ ಒಂದು ಪದದಿಂದ ಆರಂಭಿಸುತ್ತೇನೆ. ‘ಕಾಯು’ ಎಂಬ ಧಾತುವಿಗೆ ನಮ್ಮ ಭಾಷೆಯಲ್ಲಿ ಒಂದಕ್ಕಿಂತ ಹೆಚ್ಚು ಅರ್ಥಗಳಿವೆ. ಬಸ್ಸಿಗೆ ಕಾಯುತ್ತೇವೆ, ಮಳೆಗೆ ಕಾಯುತ್ತೇವೆ. ದನ ಕಾಯುತ್ತೇವೆ, ಗದ್ದೆ ಕಾಯುತ್ತೇವೆ, ದೇವರು ಕಾಯಲಿ ಎನ್ನುತ್ತೇವೆ. ಬಿಸಿಯಾಗುವುದು ಎಂಬ ಮತ್ತೊಂದು ಅರ್ಥವೂ ಇದೆ, ಅದಕ್ಕೆ ಆಮೇಲೆ ಬರುತ್ತೇನೆ. ಕೊಯ್ಲಿಗೆ ಬಂದ ಭತ್ತದ ಗದ್ದೆಯನ್ನು ಆನೆ, ಕಾಡುಹಂದಿಗಳಿಂದ ಉಳಿಸಿಕೊಳ್ಳಲು ಅಟ್ಟಣೆ ಏರಿ ರಾತ್ರಿ ಕಳೆದವರು ನಿಮ್ಮಲ್ಲಿ ಹಲವರಿದ್ದೀರಿ. ಅಟ್ಟಣೆಯ ಮೇಲಿರುವವನು ಎರಡೂ ಅರ್ಥದಲ್ಲಿ ಕಾಯುತ್ತಿರುತ್ತಾನೆ. ಬೆಳಗಾಗುವುದಕ್ಕೆ ಕಾಯುತ್ತಾನೆ, ಬೆಳೆಯನ್ನೂ ಕಾಯುತ್ತಾನೆ. ಅವನಿಗೆ ನಿದ್ದೆ ಬಂದರೆ ಮೊದಲನೆಯ ಕೆಲಸ ತಾನಾಗಿಯೇ ನಡೆಯುತ್ತದೆ, ಎರಡನೆಯದು ನಡೆಯುವುದಿಲ್ಲ. 2018ರ ಆಗಸ್ಟ್ ತಿಂಗಳಲ್ಲಿ ನಾನು ಅಟ್ಟಣೆಯ ಮೇಲೆ ನಿದ್ದೆ ಹೋದ ಸಂಗತಿಯನ್ನು ನಿಮಗೆ ಹೇಳಬೇಕಾಗಿದೆ.

ಮೊದಲ ವಿಳಂಬ ನಮ್ಮ ಮನೆಯೊಳಗೇ ಆಗಿತ್ತು. ಗಂಟು ಕೈಗೆ ಸಿಕ್ಕಿದ್ದು ಜನವರಿಯಲ್ಲಿ, ಅವಳು ನನಗೆ ಹೇಳಿದ್ದು ಮಾರ್ಚ್ ಮೊದಲ ವಾರದಲ್ಲಿ. ನಡುವೆ ರೊಬಸ್ಟಾ ಕೊಯ್ಲಿತ್ತು, ಕಣದಲ್ಲಿ ಕಾಫಿ ಹರಡಿತ್ತು, ಕರಿಮೆಣಸು ಬಿಡಿಸುವವರು ಆಗಲೋ ಈಗಲೋ ಬರುವವರಿದ್ದರು. ‘ಎಲ್ಲ ಮುಗಿಯಲಿ, ಆಮೇಲೆ ಹೇಳೋಣ ಅಂದುಕೊಂಡೆ ರೀ’ ಎಂದಳು. ಕಾಫಿ ಸೀಮೆಯ ಹೆಂಗಸರು ತಮ್ಮ ಮೈಯ ನೋವನ್ನು ಕೊಯ್ಲಿನ ನಂತರದ ಪಟ್ಟಿಗೆ ಸೇರಿಸುವುದು ಹೊಸದೇನೂ ಅಲ್ಲ. ಹಾಗೆ ಸೇರಿಸುವಂತೆ ಮಾಡಿದ ಮನೆ ನನ್ನದೂ ಆಗಿತ್ತು ಎಂಬುದನ್ನು ಮಾತ್ರ ಇಲ್ಲಿ ಒಪ್ಪಿಕೊಂಡು ಮುಂದೆ ಹೋಗುತ್ತೇನೆ.

ಗಂಟಿನ ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿ ಆಯಿತು. ಗಂಟು ದೊಡ್ಡದಿತ್ತು, ಕಂಕುಳಿನ ಗ್ರಂಥಿಗಳಿಗೂ ರೋಗ ಹರಡಿತ್ತು. ಮಂಗಳೂರಿನ ಆಸ್ಪತ್ರೆಯ ವೈದ್ಯರು ಮೊದಲು ಆರು ಸುತ್ತು ಕೀಮೋಥೆರಪಿ, ಆಮೇಲೆ ಶಸ್ತ್ರಚಿಕಿತ್ಸೆ, ಅದಾದ ಮೇಲೆ ರೇಡಿಯೇಶನ್ ಎಂದು ಕ್ರಮ ಹಾಕಿಕೊಟ್ಟರು. ಏಪ್ರಿಲ್ 2ರಂದು ಮೊದಲ ಕೀಮೋ ಆಯಿತು, 21 ದಿನಕ್ಕೊಂದರಂತೆ ಜುಲೈ 16ಕ್ಕೆ ಆರನೆಯದು ಮುಗಿಯಿತು. ಈ ಮೂರೂವರೆ ತಿಂಗಳು ನೆಂಟರು ಕೇಳಿದ ಪ್ರಶ್ನೆ ಒಂದೇ: ‘ಗಂಟು ಇದೆ ಅಂತ ಗೊತ್ತಾದ ಮೇಲೂ ತೆಗೆಯದೆ ಯಾಕೆ ಇಟ್ಟುಕೊಂಡಿದ್ದಾರೆ?’ ಕೇಳಿ ಕೇಳಿ ನನಗೂ ಅನುಮಾನ ಬಂತು. ವೈದ್ಯರನ್ನು ಕೇಳಿದಾಗ ಅವರು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಔಷಧದಿಂದ ಗಂಟು ಕುಗ್ಗಿದರೆ ಕತ್ತರಿಸಬೇಕಾದ ಭಾಗ ಕಡಿಮೆಯಾಗುತ್ತದೆ, ಕಣ್ಣಿಗೆ ಕಾಣದೆ ಬೇರೆಡೆಗೆ ಹೋಗಿರಬಹುದಾದ ಕಣಗಳಿಗೂ ಮೊದಲೇ ಏಟು ಬೀಳುತ್ತದೆ, ಈ ರೋಗ ಯಾವ ಔಷಧಕ್ಕೆ ಬಗ್ಗುತ್ತದೆ ಎಂಬುದೂ ತಿಳಿಯುತ್ತದೆ. ಕಾಫಿ ಗಿಡ ಹೂ ಬಿಡಿಸುವ ಹೂ ಮಳೆ ಬಿದ್ದ ಮೇಲೆ, ಕಾಯಿ ಕಚ್ಚಲು ಬೇಕಾದ ಬ್ಯಾಕಿಂಗ್ ಮಳೆಗೆ ಎರಡು ಮೂರು ವಾರ ಕಾಯುವ ಬೆಳೆಗಾರನಿಗೆ ಇದು ಅರ್ಥವಾಗದ ವಿಷಯವಲ್ಲ, ಅದು ಲೆಕ್ಕದೊಳಗಿನ ಕಾಯುವಿಕೆ. ಗುದನಾಳದ ಕ್ಯಾನ್ಸರಿನಲ್ಲಿ ಐದಾರು ವಾರಗಳ ರೇಡಿಯೇಶನ್ ಮುಗಿದ ಮೇಲೂ ಶಸ್ತ್ರಚಿಕಿತ್ಸೆಗೆ ಆರರಿಂದ ಹನ್ನೆರಡು ವಾರ ಬಿಡುವುದುಂಟು, ಏಕೆಂದರೆ ಕಿರಣ ನಿಂತ ನಂತರವೂ ಗಂಟು ಕುಗ್ಗುತ್ತಲೇ ಇರುತ್ತದೆ. ಥೈರಾಯ್ಡಿನ ಸಾಮಾನ್ಯ ಬಗೆಯ ಕ್ಯಾನ್ಸರ್ ನಿಧಾನವಾಗಿ ಬೆಳೆಯುವಂಥದ್ದು, ಅಲ್ಲಿ ಕೆಲವು ವಾರಗಳು ಆಚೀಚೆಯಾದರೆ ವೈದ್ಯರು ಅಷ್ಟಾಗಿ ಗಾಬರಿಯಾಗುವುದಿಲ್ಲ. ಹೊರಗಿನಿಂದ ನೋಡುವವರಿಗೆ ಇವೆಲ್ಲ ತಡವೇ, ರೋಗ ಬಲ್ಲವರಿಗೆ ಇವು ಚಿಕಿತ್ಸೆಯ ಭಾಗ. ಆದ್ದರಿಂದ ‘ಆಪರೇಷನ್ ಯಾವಾಗ’ ಎಂದು ಕೇಳುವ ಮೊದಲು ‘ಈ ಅಂತರ ಬೇಕೆಂದೇ ಇಟ್ಟದ್ದೇ?’ ಎಂದು ಕೇಳಿ.

ನಮ್ಮ ವೈದ್ಯರು ಅಂತರದ ಎರಡು ತುದಿಗಳನ್ನೂ ಹೇಳಿದ್ದರು. ಕೊನೆಯ ಕೀಮೋ ಆದ ಮೂರು ವಾರಗಳಾದರೂ ಕಳೆಯಬೇಕು, ಎಂಟು ವಾರ ದಾಟಿಸಬಾರದು. ಮೊದಲ ದಿನಾಂಕ ಆಗಸ್ಟ್ 8. ಹಿಂದಿನ ದಿನ ದಾಖಲಾದೆವು, ರಕ್ತ ಪರೀಕ್ಷೆಯಾಯಿತು, ಹಿಮೋಗ್ಲೋಬಿನ್ 8.2 ಎಂದು ಬಂತು. ಅರಿವಳಿಕೆ ವೈದ್ಯರು ಒಪ್ಪಲಿಲ್ಲ. ಒಂದು ಬಾಟಲಿ ರಕ್ತ ಕೊಟ್ಟರು, ಕಬ್ಬಿಣದ ಅಂಶವನ್ನು ಡ್ರಿಪ್‌ನಲ್ಲಿ ಹಾಕಿದರು, ಆಗಸ್ಟ್ 20ಕ್ಕೆ ಬನ್ನಿ ಎಂದರು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಕೌಂಟರಿನ ಹುಡುಗಿಯ ಮೇಲೆ ಕೂಗಾಡಿದೆ. ನನ್ನ ವಿದ್ಯಾರ್ಥಿನಿಯರ ವಯಸ್ಸಿನವಳು; ತಾಳ್ಮೆಯಿಂದ ಕೇಳಿಸಿಕೊಂಡು, ‘ಸರ್, ಪಟ್ಟಿ ಮಾಡುವವಳು ನಾನಲ್ಲ, ಪಟ್ಟಿ ಓದುವವಳು’ ಎಂದಳು. ಆ ವಾಕ್ಯ ನನಗೆ ಆಮೇಲೆ ಬಹಳ ಉಪಯೋಗಕ್ಕೆ ಬಂತು. ಆಸ್ಪತ್ರೆಯಲ್ಲಿ ಪಟ್ಟಿ ಓದುವವರು ಹಲವರು, ಮಾಡುವವರು ಒಬ್ಬರೋ ಇಬ್ಬರೋ. ಶಸ್ತ್ರಚಿಕಿತ್ಸಾ ವಿಭಾಗದಲ್ಲಿ ಆಪರೇಷನ್ ಥಿಯೇಟರಿನ ಪಟ್ಟಿಯನ್ನು ಯಾರು ನೋಡಿಕೊಳ್ಳುತ್ತಾರೆ, ಅವರನ್ನು ಯಾವ ಹೊತ್ತಿನಲ್ಲಿ, ಯಾವ ಸಂಖ್ಯೆಯಲ್ಲಿ ಕೇಳಬಹುದು ಎಂಬುದನ್ನು ಮೊದಲ ಭೇಟಿಯಲ್ಲೇ ಬರೆದುಕೊಂಡಿದ್ದರೆ ನಮ್ಮ ಕಥೆ ಬೇರೆಯಾಗುತ್ತಿತ್ತು.

ಈ ಮೊದಲ ಮುಂದೂಡಿಕೆ ಸರಿಯಾಗಿಯೇ ಇತ್ತು ಎಂದು ಈಗ ಒಪ್ಪುತ್ತೇನೆ. ರಕ್ತ ಕಡಿಮೆಯಿರುವ ದೇಹದ ಮೇಲೆ ಕತ್ತಿ ಇಡುವುದಕ್ಕಿಂತ ಹನ್ನೆರಡು ದಿನ ಕಾಯುವುದು ಲೇಸು. ಸಕ್ಕರೆ ಕಾಯಿಲೆ ಹತೋಟಿಗೆ ಬಂದಿಲ್ಲ, ಎದೆಯಲ್ಲಿ ಕಫವಿದೆ, ರಕ್ತ ತೆಳುವಾಗಿಸುವ ಮಾತ್ರೆಯನ್ನು ಹೇಳಿದ ದಿನದಿಂದ ನಿಲ್ಲಿಸಿಲ್ಲ ಎಂಬ ಕಾರಣಗಳಿಗೂ ದಿನಾಂಕ ಮುಂದೆ ಹೋಗುತ್ತದೆ. ಇವುಗಳಲ್ಲಿ ಕೆಲವು ಮನೆಯವರ ಕೈಯಲ್ಲಿ ಇರುವಂಥವು. ನಾಲ್ಕನೆಯ ಕೀಮೋದಿಂದಲೇ ಅವಳ ಮುಖ ಬಿಳಿಚಿಕೊಂಡಿತ್ತು, ಜಗಲಿಯಿಂದ ಬಚ್ಚಲಿಗೆ ಹೋಗುವಷ್ಟರಲ್ಲಿ ಏದುಸಿರು ಬರುತ್ತಿತ್ತು, ಅದನ್ನು ನಾನು ‘ಕೀಮೋ ಸುಸ್ತು’ ಎಂದು ಹೆಸರಿಟ್ಟು ಬಿಟ್ಟುಬಿಟ್ಟಿದ್ದೆ. ವೈದ್ಯರಿಗೆ ಹೇಳಿದ್ದರೆ ಜುಲೈಯಲ್ಲೇ ಚಿಕಿತ್ಸೆ ಆರಂಭವಾಗುತ್ತಿತ್ತು.

ಆಗಸ್ಟ್ 8ರಿಂದ 20ರವರೆಗಿನ ದಿನಗಳಲ್ಲಿ ನಾನು ಅಡುಗೆ ಕಲಿತೆ. ಅದುವರೆಗೆ ನಮ್ಮ ಅಡುಗೆಮನೆಯಲ್ಲಿ ಸಾಸಿವೆ ಡಬ್ಬಿ ಯಾವುದೆಂದು ನನಗೆ ತಿಳಿದಿರಲಿಲ್ಲ. ಅವಳು ಬಾಗಿಲ ಬಳಿ ಕುರ್ಚಿ ಹಾಕಿಕೊಂಡು, ತಲೆಗೆ ಶಾಲು ಸುತ್ತಿಕೊಂಡು ಹೇಳುತ್ತಿದ್ದಳು, ನಾನು ಮಾಡುತ್ತಿದ್ದೆ. ಊರಿನವರು ಪಥ್ಯದ ಪಟ್ಟಿ ತಂದಿದ್ದರು: ಮೊಟ್ಟೆ ಉಷ್ಣ, ಮೀನು ನಂಜು, ಮೊಸರು ಶೀತ. ಎಲ್ಲವನ್ನೂ ಪಾಲಿಸಿದ್ದರೆ ಅವಳಿಗೆ ಗಂಜಿಯೊಂದೇ ಉಳಿಯುತ್ತಿತ್ತು. ವೈದ್ಯರು ಹೇಳಿದ್ದು ಅದಕ್ಕೆ ತೀರಾ ವಿರುದ್ಧ. ದೇಹ ಗಾಯ ಮಾಯಿಸಿಕೊಳ್ಳಬೇಕಾದರೆ ಪ್ರೋಟೀನ್ ಬೇಕು. ಮೊಟ್ಟೆ, ಬೇಳೆ, ಮೊಳಕೆ ಕಾಳು, ಹಾಲು, ಅಭ್ಯಾಸವಿದ್ದರೆ ಮೀನು, ಕೋಳಿ ಎಲ್ಲವೂ ಬೇಕು. ಮೂರು ಚೆಂಡುಗಳ ಉಸಿರಾಟದ ಉಪಕರಣವೊಂದನ್ನು ಕೊಟ್ಟಿದ್ದರು. ದಿನಕ್ಕೆ ಹಲವು ಸಲ ಅದನ್ನು ಎಳೆದರೆ ಅರಿವಳಿಕೆಯ ನಂತರ ಎದೆಯಲ್ಲಿ ಕಫ ನಿಲ್ಲುವ ಸಾಧ್ಯತೆ ಕಡಿಮೆ. ಭುಜದ ಕೀಲು ಆಡಿಸುವ ವ್ಯಾಯಾಮವನ್ನೂ ಮೊದಲೇ ಕಲಿಸಿದ್ದರು, ಏಕೆಂದರೆ ಕಂಕುಳಿನ ಗ್ರಂಥಿ ತೆಗೆದ ಮೇಲೆ ಆ ಕೈ ಬಿಗಿಯುತ್ತದೆ. ಮಳೆ ನಿಂತ ಹೊತ್ತಿನಲ್ಲಿ ಮನೆಯಿಂದ ಗೇಟಿನವರೆಗೆ ಇಬ್ಬರೂ ನಡೆಯುತ್ತಿದ್ದೆವು. ಸಿಗರೇಟು ಬೀಡಿ ಸೇದುವ ರೋಗಿಯಾಗಿದ್ದರೆ ಈ ಅವಧಿಯಲ್ಲಿ ಅದನ್ನು ಬಿಡಿಸುವುದೇ ಮನೆಯವರ ಅತಿ ದೊಡ್ಡ ಕೆಲಸ. ನಾಲ್ಕು ವಾರ ಬಿಟ್ಟರೂ ಶ್ವಾಸಕೋಶಕ್ಕೂ ಗಾಯಕ್ಕೂ ಅದರ ಲಾಭ ತಿಳಿಯುತ್ತದೆ.

ಔಷಧದ ಮಾತು ಬಂದದ್ದರಿಂದ ಲಕ್ಷ್ಮಣಫಲದ ವಿಷಯವನ್ನೂ ಹೇಳಿಬಿಡುತ್ತೇನೆ. ನಮ್ಮ ಸೀಮೆಯಲ್ಲಿ ಕ್ಯಾನ್ಸರ್ ಎಂಬ ಸುದ್ದಿ ಹೊರಬಿದ್ದ ಮಾರನೆಯ ದಿನ ಆ ಹಣ್ಣು ಮನೆ ಬಾಗಿಲಿಗೆ ಬರುತ್ತದೆ, ಅದರ ಹಿಂದೆಯೇ ಎಲೆಯ ಕಷಾಯವೂ ಬರುತ್ತದೆ. ತಂದವರ ಪ್ರೀತಿಯನ್ನು ನಾನು ಕಡೆಗಣಿಸುವುದಿಲ್ಲ. ಆದರೆ ಅದು ಮನುಷ್ಯರಲ್ಲಿ ಕ್ಯಾನ್ಸರನ್ನು ಗುಣಪಡಿಸುತ್ತದೆ ಎಂಬುದಕ್ಕೆ ಆಧಾರವಿಲ್ಲ. ದಿನಾಂಕ ಮುಂದೆ ಹೋದಾಗ ಇಂಥ ಸಲಹೆಗಳಿಗೆ ಬಲ ಬರುತ್ತದೆ, ‘ಹೇಗೂ ತಡವಾಗಿದೆ, ಅಷ್ಟರಲ್ಲಿ ಇದನ್ನೊಂದು ನೋಡಿ’ ಎಂಬ ಮಾತು ಹಿತವಾಗಿ ಕೇಳಿಸುತ್ತದೆ. ಏನನ್ನೇ ಕೊಡುವುದಿದ್ದರೂ ವೈದ್ಯರಿಗೆ ಹೇಳಿ ಕೊಡಿ. ನಾನು ಹಣ್ಣನ್ನು ತೆಗೆದುಕೊಂಡೆ, ಕಷಾಯವನ್ನು ತೋಟಕ್ಕೆ ಚೆಲ್ಲಿದೆ. ತಂದವರು ಇಲ್ಲಿದ್ದರೆ ಕ್ಷಮಿಸಬೇಕು.

ಇನ್ನು ಆಗಸ್ಟ್ 20ರ ವಿಷಯ. ಆ ಆಗಸ್ಟ್ ಹೇಗಿತ್ತು ಎಂದು ಮಡಿಕೇರಿಯಲ್ಲಿ ನಿಂತು ನಾನು ವರ್ಣಿಸುವ ಅಗತ್ಯವಿಲ್ಲ. ತಿಂಗಳ ಮಧ್ಯದ ಆ ವಾರದಲ್ಲಿ ಮಳೆಗೆ ಗುಡ್ಡಗಳು ಕುಸಿದು ಮಕ್ಕಂದೂರು, ಹಟ್ಟಿಹೊಳೆ, ಮುಕ್ಕೋಡ್ಲು, ಜೋಡುಪಾಲ, ಎರಡನೇ ಮೊಣ್ಣಂಗೇರಿ ಎಂಬ ಹೆಸರುಗಳನ್ನು ಇಡೀ ರಾಜ್ಯ ಕಲಿತುಕೊಂಡಿತು. ಮಡಿಕೇರಿ–ಸಂಪಾಜೆ ಹೆದ್ದಾರಿ ಕುಸಿದು ಮಂಗಳೂರಿನ ದಾರಿ ಮುಚ್ಚಿತು, ಶಿರಾಡಿ ಘಾಟಿಯೂ ಮುಚ್ಚಿತು. ನಮ್ಮ ಕಡೆ ಕರೆಂಟು ಇರಲಿಲ್ಲ, ಮೊಬೈಲಿಗೆ ನೆಟ್‌ವರ್ಕ್ ಇರಲಿಲ್ಲ. ಮನೆ ಕಳೆದುಕೊಂಡವರು, ಮನೆಯವರನ್ನೇ ಕಳೆದುಕೊಂಡವರು ಪರಿಹಾರ ಕೇಂದ್ರಗಳಲ್ಲಿದ್ದಾಗ ನಮ್ಮ ಮನೆಯ ಹೆಂಚು ಗಟ್ಟಿಯಾಗಿತ್ತು. ಅಂಥ ಹೊತ್ತಿನಲ್ಲಿ ‘ನಮ್ಮ ಆಪರೇಷನ್’ ಎಂದು ಬಾಯಿ ಬಿಡುವುದಕ್ಕೇ ಸಂಕೋಚವಾಯಿತು. 20ನೇ ತಾರೀಖು ಹಾಗೆಯೇ ಕಳೆಯಿತು.

ಆ ದಿನ ತಪ್ಪಿದ್ದು ಯಾರ ತಪ್ಪೂ ಅಲ್ಲ, ಗುಡ್ಡದ ಜೊತೆ ಜಗಳವಾಡಲಾಗುವುದಿಲ್ಲ. ನನ್ನ ತಪ್ಪು ಆಮೇಲಿನದು. ಮೂರು ನಾಲ್ಕು ದಿನಗಳಲ್ಲಿ ಶನಿವಾರಸಂತೆಗೆ ಹೋದರೆ ಫೋನು ಸಿಗುತ್ತಿತ್ತು. ನಾನು ಹೋದೆ, ಬೆಂಗಳೂರಿನ ಮಗಳಿಗೆ ಮಾತನಾಡಿದೆ, ಔಷಧ ತಂದೆ, ಆಸ್ಪತ್ರೆಗೆ ಮಾತ್ರ ಫೋನು ಮಾಡಲಿಲ್ಲ. ಕೊಡಗಿನ ಸ್ಥಿತಿಯನ್ನು ಟಿವಿಯಲ್ಲಿ ಎಲ್ಲರೂ ನೋಡುತ್ತಿದ್ದಾರೆ, ರಸ್ತೆ ಸರಿಹೋದ ಮೇಲೆ ಅವರೇ ಕರೆಯುತ್ತಾರೆ ಎಂದು ನಂಬಿದ್ದೆ. ಅವರಿಗೆ ನಮ್ಮ ನೆನಪಿದೆ ಎಂಬ ಆ ನಂಬಿಕೆಗೆ ಆಧಾರವೇನೆಂದು ಈಗ ಕೇಳಿಕೊಂಡರೆ, ವೈದ್ಯರು ಒಳ್ಳೆಯವರು ಎಂಬುದಲ್ಲದೆ ಬೇರೇನೂ ಹೊಳೆಯುವುದಿಲ್ಲ. ಸೆಪ್ಟೆಂಬರ್ 1ರಂದು ಮಗಳು ಒತ್ತಾಯಿಸಿದ್ದಕ್ಕೆ ಫೋನು ಮಾಡಿದೆ. ಮೂರು ಕಡೆ ವರ್ಗಾಯಿಸಿದ ನಂತರ ಒಬ್ಬರು ಕಂಪ್ಯೂಟರ್ ನೋಡಿ ಹೇಳಿದರು: ‘20ಕ್ಕೆ ಹೆಸರಿತ್ತು, ಪೇಷಂಟ್ ಬಂದಿಲ್ಲ ಅಂತ ಬರೆದಿದೆ. ಆಮೇಲಿನ ಯಾವ ಪಟ್ಟಿಯಲ್ಲೂ ಇಲ್ಲ.’

ಆ ಹನ್ನೆರಡು ದಿನ ಯಾರೂ ಅವಳನ್ನು ಮುಂದೂಡಿರಲಿಲ್ಲ. ಅವಳು ಪಟ್ಟಿಯಲ್ಲೇ ಇರಲಿಲ್ಲ. ಬಂದಿಲ್ಲ ಎಂದು ಬರೆದವರು ಯಾಕೆ ಬಂದಿಲ್ಲ ಎಂದು ವಿಚಾರಿಸಬೇಕಿತ್ತು, ಅದು ಅವರ ಲೋಪ, ಅದನ್ನು ಅವರಿಗೆ ಲಿಖಿತವಾಗಿ ತಿಳಿಸಿದ್ದೇನೆ. ಆದರೆ ಅವರ ಬಳಿ ಇದ್ದದ್ದು ನನ್ನ ಮೊಬೈಲ್ ಸಂಖ್ಯೆಯೊಂದೇ, ಅದು ಎರಡು ವಾರ ಸತ್ತಿತ್ತು. ಮಳೆಗಾಲದಲ್ಲಿ ನೆಟ್‌ವರ್ಕ್ ಹೋಗುವುದು ಕೊಡಗಿನಲ್ಲಿ ಪ್ರತಿ ವರ್ಷದ ಮಾತು. ಆದ್ದರಿಂದ ನೀವು ಆಸ್ಪತ್ರೆಯಲ್ಲಿ ಎರಡು ಸಂಖ್ಯೆ ಕೊಡಿ, ಅದರಲ್ಲಿ ಒಂದು ಜಿಲ್ಲೆಯ ಹೊರಗೆ ಇರುವವರದಾಗಿರಲಿ. ದಿನಾಂಕ ತಪ್ಪಿದರೆ, ಕಾರಣ ಯಾರದೇ ಆಗಿರಲಿ, ಹೊಸ ದಿನಾಂಕ ತಾನಾಗಿ ಹುಟ್ಟುತ್ತದೆ ಎಂದು ತಿಳಿಯಬೇಡಿ. ಅದೇ ದಿನ, ಇಲ್ಲವೇ ಮಾರನೆಯ ದಿನ ಕೇಳಿ. ಕೇಳುವಾಗ ನಾನು ಈಗ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಟ್ಟುಕೊಂಡಿರುವ ಪ್ರಶ್ನೆಗಳು ಇಷ್ಟೇ: ಮುಂದೆ ಹೋದದ್ದು ಏಕೆ? ಈ ರೋಗದಲ್ಲಿ ಎಷ್ಟು ದಿನದವರೆಗೆ ಚಿಂತೆಯಿಲ್ಲ? ಅಷ್ಟರೊಳಗೆ ಆಗದಿದ್ದರೆ ನಡುವೆ ಬೇರೆ ಔಷಧ ಕೊಡುವುದುಂಟೇ? ಆ ದಿನ ದಾಟಿದರೆ ಯಾರನ್ನು ಹೆಸರು ಹಿಡಿದು ಕೇಳಬೇಕು? ಉತ್ತರ ಕೊಟ್ಟವರ ಹೆಸರು, ದಿನಾಂಕ ಪಕ್ಕದಲ್ಲೇ ಬರೆದುಕೊಳ್ಳುತ್ತೇನೆ. ಬರೆದುಕೊಳ್ಳುತ್ತಿರುವುದನ್ನು ನೋಡಿದರೆ ಉತ್ತರಿಸುವವರೂ ಸ್ವಲ್ಪ ಎಚ್ಚರದಿಂದ ಉತ್ತರಿಸುತ್ತಾರೆ ಎಂಬುದು ಮೇಷ್ಟ್ರಾಗಿ ನನ್ನ ಅನುಭವ.

ಆಗ ಮೈಸೂರಿಗೋ ಬೆಂಗಳೂರಿಗೋ ಹೋಗಬಾರದಿತ್ತೇ ಎಂದು ಕೆಲವರು ಕೇಳುತ್ತಾರೆ. ಮಡಿಕೇರಿಯಿಂದ ಮೈಸೂರು 120 ಕಿಲೋಮೀಟರ್, ಬೆಂಗಳೂರಿನಲ್ಲಿ 1973ರಿಂದ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ ಇದೆ. ನಾವೂ ಯೋಚಿಸಿದೆವು. ಆದರೆ ನಮ್ಮ ಕೈಯಲ್ಲಿದ್ದದ್ದು ಡಿಸ್ಚಾರ್ಜ್ ಸಾರಾಂಶದ ಎರಡು ಪುಟ ಮಾತ್ರ. ಬಯಾಪ್ಸಿಯ ಸ್ಲೈಡುಗಳು, ಮೇಣದಲ್ಲಿ ಅಂಗಾಂಶ ಹುದುಗಿಸಿಟ್ಟ ಬ್ಲಾಕ್, ಸ್ಕ್ಯಾನಿನ ಸಿಡಿ ಎಲ್ಲವೂ ಮಂಗಳೂರಿನಲ್ಲಿದ್ದವು. ಹೊಸ ಆಸ್ಪತ್ರೆಯವರು ಸಾಮಾನ್ಯವಾಗಿ ಸ್ಲೈಡನ್ನು ತಾವೇ ಮತ್ತೊಮ್ಮೆ ನೋಡಬಯಸುತ್ತಾರೆ, ಅದಿಲ್ಲದೆ ಹೋದರೆ ಮೊದಲಿನಿಂದ ಆರಂಭವಾಗುತ್ತದೆ. ಬೇರೆಡೆಗೆ ಹೋಗುವ ಯೋಚನೆ ಇರಲಿ ಇಲ್ಲದಿರಲಿ, ವರದಿಗಳ ಪೂರ್ತಿ ಪ್ರತಿಯೊಂದನ್ನು ಪ್ಲಾಸ್ಟಿಕ್ ಚೀಲದಲ್ಲಿ ಮನೆಯಲ್ಲಿಡಿ, ಇನ್ನೊಂದನ್ನು ಫೋಟೊ ತೆಗೆದು ಮಕ್ಕಳ ಮೊಬೈಲಿಗೆ ಕಳಿಸಿಡಿ.

ಹಣದ ವಿಷಯದಲ್ಲಿಯೂ ಒಂದು ಮಾತು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇಕಡಾ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ ಎಂದು ನಿಗದಿಯಾಗಿದೆ. ಚಿಕಿತ್ಸೆಗೆ ಮೊದಲೇ ಮಂಜೂರಾತಿ ಪಡೆಯಬೇಕಾಗುತ್ತದೆ. ದಿನಾಂಕ ಬದಲಾದಾಗ ಮಂಜೂರಾತಿ ಇನ್ನೂ ಊರ್ಜಿತವಿದೆಯೇ ಎಂದು ಆಸ್ಪತ್ರೆಯ ಯೋಜನಾ ಕೌಂಟರಿನಲ್ಲಿ ಕೇಳಿಕೊಳ್ಳಿ. ಹೊಸ ದಿನ ಬಂದು, ಉಪವಾಸವಿದ್ದು, ಕಾಗದ ಇಲ್ಲವೆಂದು ಹಿಂದೆ ಬರುವಷ್ಟು ಬೇಸರದ ಸಂಗತಿ ಇನ್ನೊಂದಿಲ್ಲ.

ತಡವಾದರೆ ಎಷ್ಟು ಅಪಾಯ ಎಂಬ ಪ್ರಶ್ನೆ ನಿಮ್ಮೆಲ್ಲರ ಮನಸ್ಸಿನಲ್ಲಿದೆ, ಅದನ್ನು ತಪ್ಪಿಸಿಕೊಂಡು ಹೋಗಲಾರೆ. 2020ರ ನವೆಂಬರಿನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಒಂದು ದೊಡ್ಡ ವಿಶ್ಲೇಷಣೆ ಪ್ರಕಟಿಸಿತು. ಏಳು ಬಗೆಯ ಕ್ಯಾನ್ಸರುಗಳ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಶಸ್ತ್ರಚಿಕಿತ್ಸೆ ಪ್ರತಿ ನಾಲ್ಕು ವಾರ ತಡವಾದಂತೆ ಸಾವಿನ ಅಪಾಯ ಶೇಕಡಾ 6ರಿಂದ 8ರಷ್ಟು ಹೆಚ್ಚುವುದು ಕಂಡಿತು. ಈ ಅಂಕಿಯನ್ನು ಮೊಬೈಲಿನಲ್ಲಿ ಓದಿ ನೂರರಲ್ಲಿ ಎಂಟು ಜನ ಹೆಚ್ಚು ಸಾಯುತ್ತಾರೆ ಎಂದು ತಿಳಿದು ನಿದ್ದೆಗೆಟ್ಟವರನ್ನು ನಾನು ಬಲ್ಲೆ. ಲೆಕ್ಕ ಹಾಗಲ್ಲ. ಒಬ್ಬರಿಗೆ ಮೊದಲೇ ಇದ್ದ ಅಪಾಯ ನೂರಕ್ಕೆ ಇಪ್ಪತ್ತು ಎಂದಿಟ್ಟುಕೊಂಡರೆ ನಾಲ್ಕು ವಾರದ ತಡದಿಂದ ಅದು ಸರಿಸುಮಾರು 21 ಮತ್ತು 22ರ ನಡುವೆ ನಿಲ್ಲುತ್ತದೆ. ಅದು ಸರಾಸರಿ, ನಿಮ್ಮ ಮನೆಯ ರೋಗಿಯ ಲೆಕ್ಕವನ್ನು ಅವರ ವೈದ್ಯರು ಮಾತ್ರ ಹೇಳಬಲ್ಲರು. ಒಂದು ವಾರ ಹೋಯಿತೆಂದು ಎಲ್ಲ ಮುಗಿಯಿತು ಎನ್ನುವುದೂ ತಪ್ಪು, ತಿಂಗಳುಗಟ್ಟಲೆ ಸುಮ್ಮನೆ ಬಿಟ್ಟರೂ ನಡೆಯುತ್ತದೆ ಎನ್ನುವುದೂ ತಪ್ಪು ಎಂಬುದನ್ನು ನಾನು ಆ ಅಂಕಿಯಿಂದ ಅರ್ಥ ಮಾಡಿಕೊಂಡಿದ್ದೇನೆ.

ಇದೇ ಸಂದರ್ಭದಲ್ಲಿ ಕೋವಿಡ್ ಕಾಲವೂ ನೆನಪಾಗುತ್ತದೆ. 61 ದೇಶಗಳ ಆಸ್ಪತ್ರೆಗಳನ್ನು ನೋಡಿದ ಅಧ್ಯಯನವೊಂದರಲ್ಲಿ, ಪೂರ್ಣ ಲಾಕ್‌ಡೌನ್ ಇದ್ದ ಕಡೆ ಕ್ಯಾನ್ಸರ್ ಶಸ್ತ್ರಚಿಕಿತ್ಸೆಗೆ ಕಾದಿದ್ದ ಏಳು ಜನರಲ್ಲಿ ಒಬ್ಬರಿಗೆ ಅದು ಆಗಲೇ ಇಲ್ಲ. 2020ರ ಮಾರ್ಚ್ ಕೊನೆಯಲ್ಲಿ ಕೇರಳಕ್ಕೆ ಹೋಗುವ ಮಾಕುಟ್ಟದ ಗಡಿ ರಸ್ತೆಗೆ ಮಣ್ಣು ಸುರಿದಿದ್ದರು, ಆ ಕಡೆ ತಲಪಾಡಿಯಲ್ಲಿ ಕಾಸರಗೋಡಿನಿಂದ ಮಂಗಳೂರಿಗೆ ಬರುವ ರೋಗಿಗಳನ್ನು ತಡೆದಿದ್ದರು. ಆಗ ನಮ್ಮವರೇ ಅನೇಕರು ಗಡಿ ಮುಚ್ಚಿದ್ದು ಒಳ್ಳೆಯದಾಯಿತು ಎಂದದ್ದನ್ನು ಕೇಳಿದ್ದೇನೆ. ಅದಕ್ಕೆ ಎರಡು ವರ್ಷದ ಹಿಂದೆ ರಸ್ತೆಯಿಲ್ಲದೆ ಕುಳಿತ ಜಿಲ್ಲೆಯ ಬಾಯಲ್ಲಿ ಆ ಮಾತು ನನಗೆ ರುಚಿಸಲಿಲ್ಲ. ವಿಷಯದಿಂದ ಸ್ವಲ್ಪ ಆಚೆ ಹೋದೆ, ಹಿಂದಿರುಗುತ್ತೇನೆ.

ಕಾಯುವ ದಿನಗಳಲ್ಲಿ ಗಂಡ ಹೆಂಡಿರ ನಡುವೆ ಆಗುವುದನ್ನು ಯಾರೂ ಹೇಳಿಕೊಡುವುದಿಲ್ಲ. ನಾನು ಗಟ್ಟಿಗನಂತೆ ನಟಿಸುತ್ತಿದ್ದೆ. ಗೋಡೆಯ ಕ್ಯಾಲೆಂಡರಿನಲ್ಲಿ ದಿನಾಂಕದ ಸುತ್ತ ಕೆಂಪು ಶಾಯಿಯ ವೃತ್ತ ಎಳೆದಿದ್ದೆ, ಅದು ತಪ್ಪಿದಾಗ ಇನ್ನೊಂದು ಎಳೆದೆ. ಒಂದು ಸಂಜೆ ನೋಡಿದರೆ ಕ್ಯಾಲೆಂಡರ್ ಮೊಳೆಯಲ್ಲಿರಲಿಲ್ಲ, ಅವಳು ತೆಗೆದು ಮಂಚದ ಕೆಳಗೆ ಇಟ್ಟಿದ್ದಳು. ಕೇಳಿದ್ದಕ್ಕೆ, ‘ಪರೀಕ್ಷೆ ಪೇಪರು ನೋಡಿದ ಹಾಗೆ ಆಗುತ್ತದೆ’ ಎಂದಳು. ನನ್ನ ಕೆಂಪು ಶಾಯಿಯ ಅಭ್ಯಾಸ ಅವಳ ಎದೆಯ ಮೇಲೆ ಕೂತಿತ್ತು. ಅವಳು ಕಾಳುಮೆಣಸು ಆರಿಸಲು ಕುಳಿತರೆ ನಾನು ಬೇಡ ಎನ್ನುತ್ತಿದ್ದೆ, ಪಾತ್ರೆ ಮುಟ್ಟಿದರೆ ಕಸಿದುಕೊಳ್ಳುತ್ತಿದ್ದೆ. ಪಟ್ಟಿಯಲ್ಲಿ ಹೆಸರಿಲ್ಲ ಎಂದು ತಿಳಿದ ದಿನ ನಾನು ಅವಳಿಗೆ ಹೇಳಲಿಲ್ಲ. ‘ಇನ್ನೆರಡು ದಿನದಲ್ಲಿ ಹೇಳುತ್ತಾರಂತೆ’ ಎಂದೆ. ರಾತ್ರಿ ಲಾಟೀನಿನ ಬೆಳಕಿನಲ್ಲಿ ಅವಳೇ ಕೇಳಿದಳು: ‘ನೀವು ಸುಳ್ಳು ಹೇಳುವಾಗ ತುಂಬಾ ಶುದ್ಧ ಕನ್ನಡ ಮಾತಾಡುತ್ತೀರಿ. ಏನಾಯಿತು ಹೇಳಿ.’ ಹೇಳಿದೆ. ಅವಳು ಅತ್ತಳು, ನಾನೂ ಅತ್ತೆ, ಆಮೇಲೆ ಅವಳು, ‘ಸುಮ್ಮನಿದ್ದರೆ ನನಗೆ ಇನ್ನೂ ಹೆದರಿಕೆ, ಏನಿದ್ದರೂ ನನಗೇ ಮೊದಲು ಹೇಳಿ, ಮಗಳಿಗಲ್ಲ’ ಎಂದಳು. ಅಂದಿನಿಂದ ನೋಟ್‌ಬುಕ್ ಅವಳ ದಿಂಬಿನ ಪಕ್ಕದಲ್ಲಿತ್ತು. ಮರುದಿನ ಮೆಣಸು ಆರಿಸಲು ಕುಳಿತಾಗ ನಾನು ಬೇಡವೆನ್ನಲಿಲ್ಲ.

ನೆಂಟರಿಷ್ಟರ ಫೋನುಗಳಿಗೆ ಉತ್ತರಿಸುವ ಕೆಲಸವನ್ನು ಮಗಳಿಗೆ ಒಪ್ಪಿಸಿದೆವು. ಪ್ರತಿ ದಿನ ಹತ್ತು ಜನಕ್ಕೆ ‘ಇನ್ನೂ ಆಗಿಲ್ಲ’ ಎಂದು ಹೇಳುವುದು ಹತ್ತು ಸಲ ದಿನಾಂಕ ತಪ್ಪಿದಂತೆ. ನಾನು ನನ್ನ ರಕ್ತದೊತ್ತಡದ ಮಾತ್ರೆಯನ್ನು ಹಲವು ದಿನ ಮರೆತು, ಆಸ್ಪತ್ರೆಯ ಪಡಸಾಲೆಯಲ್ಲಿ ಕಣ್ಣು ಕತ್ತಲಿಟ್ಟು ಕುಳಿತದ್ದೂ ಉಂಟು. ನೋಡಿಕೊಳ್ಳುವವರು ಮಲಗಿದರೆ ಯಾರು ನೋಡಿಕೊಳ್ಳುತ್ತಾರೆ ಎಂದು ಅಲ್ಲಿನ ನರ್ಸ್ ಗದರಿಸಿದರು. ಅವರು ಹೇಳಿದ್ದು ಸರಿಯಾಗಿತ್ತು, ಆದರೆ ಗದರಿಸುವಾಗ ಒಂದು ಲೋಟ ಕಾಫಿಯನ್ನೂ ಕೊಟ್ಟರು ಎಂಬುದು ನನಗೆ ಹೆಚ್ಚು ನೆನಪಿದೆ.

ಕಾಯುವುದರ ಇನ್ನೊಂದು ಅರ್ಥಕ್ಕೆ ಬರುತ್ತೇನೆ ಎಂದಿದ್ದೆ. ಮೈ ಕಾಯುತ್ತಿದ್ದರೆ, ಅಂದರೆ ಕೀಮೋ ನಡೆಯುತ್ತಿರುವಾಗ ಜ್ವರ 100.4 ಡಿಗ್ರಿ ಮುಟ್ಟಿದರೆ, ಬೆಳಗಾಗಲಿ ಎಂದು ಕಾಯಬಾರದು. ಮನೆಯಲ್ಲಿ ಥರ್ಮಾಮೀಟರ್ ಇರಲಿ. ಬಿಳಿ ರಕ್ತಕಣ ಹೆಚ್ಚಿಸುವ ಚುಚ್ಚುಮದ್ದನ್ನು ತಂಪಿನಲ್ಲಿಡಬೇಕು, ಹೆಪ್ಪುಗಟ್ಟಲು ಬಿಡಬಾರದು. ಜೂನ್, ಜುಲೈ ತಿಂಗಳಲ್ಲಿ ಕರೆಂಟು ಹೋದಾಗ ನಾವು ಅದನ್ನು ಬಟ್ಟೆಯಲ್ಲಿ ಸುತ್ತಿ ಮಂಜುಗಡ್ಡೆಯ ಫ್ಲಾಸ್ಕಿನಲ್ಲಿಟ್ಟು ಕಾಪಾಡಿದೆವು. ಶಸ್ತ್ರಚಿಕಿತ್ಸೆಗೆ ಕಾಯುವ ವಾರಗಳಲ್ಲಿ ಗಂಟು ಬೆಳೆದಂತೆ ಕಂಡರೆ, ಚರ್ಮ ಕೆಂಪಾಗಿ ಒಡೆದರೆ, ಕೈ ಊದಿದರೆ, ಬೆನ್ನುಮೂಳೆಯಲ್ಲಿ ಹೊಸ ನೋವು ಬಂದು ಬಿಡದಿದ್ದರೆ, ಉಸಿರು ಕಟ್ಟಿದರೆ ಮುಂದಿನ ದಿನಾಂಕದವರೆಗೆ ಇಟ್ಟುಕೊಳ್ಳಬೇಡಿ. ಇಂಥ ಬದಲಾವಣೆ ಹೇಳಿದರೆ ಇನ್ನೂ ಬೇಗನೆಯ ದಿನಾಂಕವೇ ಸಿಗಬಹುದು. ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ.

ಮೂರನೆಯ ದಿನಾಂಕ ಸೆಪ್ಟೆಂಬರ್ 11. ಸಂಪಾಜೆಯ ದಾರಿಯನ್ನು ನೆಚ್ಚದೆ ಹಿಂದಿನ ದಿನ ಬೆಳಗಿನ ಜಾವ ಹೊರಟು ಶನಿವಾರಸಂತೆ, ಸಕಲೇಶಪುರ, ಮೂಡಿಗೆರೆ, ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿದು ಹೋದೆವು. ಘಾಟಿಯ ತಿರುವುಗಳಲ್ಲಿ ಅವಳಿಗೆ ವಾಂತಿಯಾಯಿತು. ಕೊನೆಯ ಕೀಮೋದಿಂದ ಎಣಿಸಿದರೆ ಅದು 57ನೇ ದಿನ, ಎಂಟು ವಾರಕ್ಕೆ ಒಂದು ದಿನ ಹೆಚ್ಚು. ಮರುದಿನ ಗೌರಿ ಹಬ್ಬ. ಬಾಗಿನ ಕೊಡುವುದು ತಪ್ಪಿತಲ್ಲ ಎಂದು ಥಿಯೇಟರಿಗೆ ಕರೆದೊಯ್ಯುವಾಗಲೂ ಅವಳು ಹೇಳುತ್ತಿದ್ದಳು. ಒಂದು ಸ್ತನವನ್ನೂ ಕಂಕುಳಿನ ಗ್ರಂಥಿಗಳನ್ನೂ ತೆಗೆದರು. ನಂತರ ರೇಡಿಯೇಶನ್ ಆಯಿತು, ಹಾರ್ಮೋನ್ ಮಾತ್ರೆ ವರ್ಷಗಟ್ಟಲೆ ನಡೆಯಿತು. ಆ ಒಂದು ದಿನ, ಆ ಹನ್ನೆರಡು ದಿನ ಏನನ್ನಾದರೂ ಬದಲಿಸಿದವೇ ಎಂದು ವೈದ್ಯರನ್ನು ಒಮ್ಮೆ ಕೇಳಿದೆ. ಅವರು, ‘ಅದನ್ನು ತಿಳಿಯುವ ಉಪಾಯ ನನ್ನಲ್ಲಿಲ್ಲ’ ಎಂದರು. ಪ್ರಾಮಾಣಿಕವಾದ ಉತ್ತರ, ಆದರೆ ಅದರೊಂದಿಗೆ ಬದುಕುವುದು ಸುಲಭವಲ್ಲ.

ಅವಳು ಇಂದು ಬರಬೇಕೆಂದಿದ್ದಳು, ತೋಟದಲ್ಲಿ ಚಿಗುರು ತೆಗೆಯುವವರು ಬಂದಿದ್ದರಿಂದ ಬರಲಾಗಲಿಲ್ಲ. ಮುಂದಿನ ತಿಂಗಳು ಅವಳ ವರ್ಷದ ತಪಾಸಣೆ. ಮೊನ್ನೆ ಆಸ್ಪತ್ರೆಯಿಂದ ಫೋನು ಬಂತು, ಸ್ತನದ ಎಕ್ಸ್‌ರೇ ತೆಗೆಯುವ ಮ್ಯಾಮೋಗ್ರಾಮ್ ಯಂತ್ರದ ದುರಸ್ತಿಯಿಂದಾಗಿ ಒಂದು ವಾರ ಮುಂದಕ್ಕೆ ಹಾಕಿದ್ದಾರೆ. ಫೋನು ತೆಗೆದುಕೊಂಡವಳು ಅವಳೇ. ನಾನು ಹಿತ್ತಲಿನಿಂದ ಬರುವಷ್ಟರಲ್ಲಿ ಕಾರಣ, ಹೊಸ ದಿನಾಂಕ, ಮಾತನಾಡಿದವರ ಹೆಸರು ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದು ಮುಗಿಸಿದ್ದಳು, ಹಸಿರು ಶಾಯಿಯಲ್ಲಿ.